ಗಾಂಧಿಕ್ಲಾಸಿನಿಂದ: ಹಲೋ... ಅಜ್ಜಿ ಮನೇಲಿಲ್ಲ!

ಕಳೆದ ಶುಕ್ರವಾರ, ಮೊದಲ ದಿನ, ಮೊದಲ ಆಟ. ಪರದೆ ಮೇಲೆ ಹೀರೋ ಎಂಟ್ರಿ, ಕೆಳಗೆ ಶಿಳ್ಳೆ, ಚೂರು ಕಾಗದದ ಮಳೆ. ಅದೇ ಹೊತ್ತಿಗೆ ನನ್ನ ಜೇಬು ಗುರ್ ಅಂತು. ಊರಿಂದ ಅಮ್ಮ! ನಾನೇನು ಮಾಡಿದೆ ಗೊತ್ತೆ ಮಿತ್ರರೆ? ಬೆರಳಲ್ಲಿ ಒಂದು ಒತ್ತು ಒತ್ತಿದೆ. 'ಈಗ ಮಾತಾಡಲು ಆಗುವುದಿಲ್ಲ, ಆಮೇಲೆ ಮಾಡುತ್ತೇನೆ' ಅಂತ ಮೊಬೈಲೇ ಅಮ್ಮನಿಗೆ ಉತ್ತರ ಕಳಿಸಿತು. ಅದೂ ಇಂಗ್ಲಿಷಿನಲ್ಲಿ. ನಮ್ಮಮ್ಮ ಕನ್ನಡವನ್ನೇ ಅಕ್ಷರ ಕೂಡಿಸಿ ಕೂಡಿಸಿ ಓದೋದು ಅನ್ನುವುದು ನನಗೆ ನೆನಪಾದದ್ದು ಇಂಟರ್‌ವಲ್ಲಿನಲ್ಲಿ!

ಹಳೇ ಸಿನಿಮಾಗಳಲ್ಲಿ ಫೋನೂ ಒಂದು ಪಾತ್ರವೇ. ಶ್ರೀಮಂತ ಅಪ್ಪನ ಬಂಗಲೆ, ಮಹಡಿ ಮೆಟ್ಟಿಲ ಪಕ್ಕ ಕರೀ ಫೋನು. ಅದು ಟ್ರಿಣ್ ಅಂದರೆ ಗಾಂಧಿಕ್ಲಾಸಿನವನಿಗೂ ಎದೆ ಢವಢವ. ಅಪ್ಪ 'ಏನು!' ಅಂತ ಎದೆ ಹಿಡಿದುಕೊಳ್ಳಬೇಕು, ರಿಸೀವರು ಜೋತಾಡಬೇಕು! ನಿಜಜೀವನದಲ್ಲೂ ಹೆಚ್ಚುಕಡಿಮೆ ಹಾಗೇ ಇತ್ತು. ಪರಊರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಆಪರೇಟರ್ ಕೃಪೆಗಾಗಿ ಗಂಟೆಗಟ್ಟಲೆ ಕಾಯಬೇಕು. ಅರ್ಜೆಂಟ್ ಕಾಲ್ ಅಂದರೆ ದುಡ್ಡು ಜಾಸ್ತಿ, ಲೈಟ್ನಿಂಗ್ ಕಾಲ್ ಅಂದರೆ ಇನ್ನೂ ಜಾಸ್ತಿ. ಬಡವನಿಗೆ ತಂತಿಯೇ ಗತಿ. ತಂತಿಯವನು ಬೀದಿಗೆ ಕಾಲಿಟ್ಟರೆ ಓದೋಕೆ ಮೊದಲೇ ಅಳು ಶುರು! ಆ ತಂತಿ ಸೇವೆಯೂ 2013ರ ಜುಲೈನಲ್ಲಿ ನಿಂತುಹೋಯಿತು.

ಹಾಗಾದರೆ ಹಳ್ಳಿಗೆ ಫೋನು ಬಂದದ್ದು ಹೇಗೆ? ಕಿತ್ತೂರು ಅಂದರೆ ನಮಗೆ 1961ರಲ್ಲಿ ಪಂತುಲು ತೆಗೆದ ಚಿತ್ರ, ಚೆನ್ನಮ್ಮನಾಗಿದ್ದ ಬಿ. ಸರೋಜಾದೇವಿ ನೆನಪಾಗುತ್ತಾರೆ. ಫೋನಿನ ಕಥೆಯಲ್ಲೂ ಕಿತ್ತೂರಿಗೆ ದೊಡ್ಡ ಪಾರ್ಟೇ ಇದೆ ಸ್ವಾಮಿ. 1984ರಲ್ಲಿ ಶುರುವಾದ ಸಿ-ಡಾಟ್ ಎಂಬ ಸರ್ಕಾರಿ ಸಂಸ್ಥೆ ಹಳ್ಳಿಗಳಿಗೆಂದೇ 128 ಪೋರ್ಟಿನ ಪುಟ್ಟ ಎಕ್ಸ್‌ಚೇಂಜ್ ತಯಾರಿಸಿತು. ಅದರ ಹಿಂದೆ ನಿಂತವರು ಸ್ಯಾಮ್ ಪಿತ್ರೋಡಾ. ಹೊರದೇಶದ ಯಂತ್ರಗಳಿಗೆ ಏಸಿ ಕೋಣೆ ಬೇಕು. ಇದು ನಮ್ಮ ಬಿಸಿಲು, ಧೂಳು ತಡಕೊಂಡು ಏಸಿ ಇಲ್ಲದೆಯೇ ಕೆಲಸ ಮಾಡಿತು. 1986ರಲ್ಲಿ ಅದನ್ನು ಮೊದಲು ಕೂರಿಸಿದ್ದು ಕಿತ್ತೂರಿನಲ್ಲಿ! ಆಮೇಲೆ ಊರೂರಿಗೆ ಲೈನು, ಬೀದಿಬೀದಿಗೆ ಎಸ್‌ಟಿಡಿ ಬೂತು. 1995ರ ಜುಲೈ 31ರಂದು ಜ್ಯೋತಿ ಬಸು ಕಲ್ಕತ್ತೆಯಿಂದ ದಿಲ್ಲಿಗೆ, ಕೇಂದ್ರ ಸಚಿವ ಸುಖರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು.

ಆದರೂ ಒಂದು ಮಾತು. 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ನಮ್ಮ ಅಣ್ಣಾವ್ರನ್ನು ವೀರಪ್ಪನ್ ಎತ್ತಿಕೊಂಡು ಹೋದನಲ್ಲ, ಆಗ ಮೊಬೈಲು ಬಂದು ಐದು ವರ್ಷವಾಗಿತ್ತು. ಏನು ಉಪಯೋಗ? ಕಾಡಿನ ಸುದ್ದಿ ನಾಡಿಗೆ ಬರುತ್ತಿದ್ದುದು ಕ್ಯಾಸೆಟ್ಟಿನಲ್ಲಿ. ನಕ್ಕೀರನ್ ಗೋಪಾಲ್ ಕಾಡಿಗೆ ಹೋಗಿ ತರಬೇಕಾಗಿತ್ತು. 108 ದಿನ ನಾಡೆಲ್ಲ ಕಾಯಿತು. ಯಾವ ಯಂತ್ರ ಬಂದರೂ ನಡುವೆ ಓಡಾಡೋಕೆ ಒಬ್ಬ ಮನುಷ್ಯ ಬೇಕಿತ್ತು ಅನ್ನೋದು ನನ್ನ ಮಾತು.

ನಮ್ಮೂರಿನಲ್ಲಿ ಆ ಮನುಷ್ಯ ನಾನೇ! ಆಗ ನನಗೆ ಎಂಟೊಂಬತ್ತು ವರ್ಷ. ಊರಿಗೆಲ್ಲ ಅಂಗಡಿ ಶೆಟ್ಟರ ಫೋನೇ ಪಿ.ಪಿ. ನಂಬರ್. ಹೊರಗಿನಿಂದ ಫೋನು ಬಂದರೆ ಮನೆಗೆ ಓಡಿಹೋಗಿ ಕರೆತರುವುದು ನನ್ನ ಡ್ಯೂಟಿ. ಒಂದು ಓಟಕ್ಕೆ ಒಂದು ರೂಪಾಯಿ.

2006ರ ಯುಗಾದಿಗೆ ಮುಂಚಿನ ಭಾನುವಾರ. ಮೂಲೆಮನೆ ಅಜ್ಜಿಯ ಮಗ ಬೊಂಬಾಯಿಯ ಹೋಟೆಲಿನಿಂದ ಫೋನು ಮಾಡಿದ. 'ಅವ್ವನ್ನ ಕರೆಸಿ ಶೆಟ್ರೆ, ಹತ್ತು ನಿಮಿಷ ಬಿಟ್ಟು ಮತ್ತೆ ಮಾಡ್ತೀನಿ' ಅಂದನಂತೆ. ಶೆಟ್ಟರು ನನ್ನನ್ನು ಓಡಿಸಿದರು. ದಾರಿಯಲ್ಲಿ ಒಂದು ಮನೆಯ ಕಿಟಕಿಯೊಳಗೆ ಟೀವಿ, ಟೀವಿಯೊಳಗೆ ಅಣ್ಣಾವ್ರ ಫೈಟಿಂಗು! ಕಿಟಕಿ ಸರಳು ಹಿಡಿದು ನಿಂತವನಿಗೆ ಲೋಕ ಮರೆತುಹೋಯಿತು. ಎಚ್ಚರಾದಾಗ ಹೊತ್ತು ಮೀರಿತ್ತು. ವಾಪಸ್ ಓಡಿಬಂದು, 'ಅಜ್ಜಿ ಮನೇಲಿಲ್ಲ' ಅಂದುಬಿಟ್ಟೆ. ಶೆಟ್ಟರು ಫೋನಿನಲ್ಲಿ ಅದನ್ನೇ ಹೇಳಿದರು. ರೂಪಾಯಿಯನ್ನೂ ಕೊಟ್ಟರು.

ರಜಾ ಸಿಗಲಿಲ್ಲ, ಹಬ್ಬಕ್ಕೆ ಬರೋದಿಲ್ಲ ಅಂತ ಹೇಳೋಕೆ ಆತ ಫೋನು ಮಾಡಿದ್ದ.

ಅಜ್ಜಿಗೆ ಗೊತ್ತಾಗಬೇಕಲ್ಲ! ಹಬ್ಬದ ಹಿಂದಿನ ಸಂಜೆ ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಬಂದು ಕೂತಳು. ಆರೂವರೆ ಬಸ್ಸು ಬಂತು, ಹೋಯಿತು. ರಾತ್ರಿಯ ಕೊನೇ ಬಸ್ಸೂ ಬಂತು. ಕಂಡಕ್ಟರ್ ಇಳಿದು, 'ಇನ್ಯಾರೂ ಇಲ್ಲ ಕಣಜ್ಜಿ' ಅಂದ. ಎದುರುಬದಿಯಲ್ಲಿ ನಿಂತಿದ್ದ ನನಗೆ ಹತ್ತಿರ ಹೋಗೋಕೆ ಕಾಲೇ ಬರಲಿಲ್ಲ.

ಮರು ಭಾನುವಾರ ಮಗ ಮತ್ತೆ ಫೋನು ಮಾಡಿದ. 'ನಾನೆಲ್ಲಿಗೆ ಹೋಗ್ಲಪ್ಪ, ಬಾಗಿಲಲ್ಲೇ ಕೂತಿದ್ನಲ್ಲ' ಅಂತ ಅಜ್ಜಿ ಹೇಳುತ್ತಾ ಹೇಳುತ್ತಾ ನನ್ನ ಕಡೆ ತಿರುಗಿದಳು. ಶೆಟ್ಟರ ಹತ್ತಿರ ಚಾಡಿ ಹೇಳಲಿಲ್ಲ, ಬೈಯಲಿಲ್ಲ. ಆದರೆ ಅಂದಿನಿಂದ ಪ್ರತಿ ಭಾನುವಾರ ಮೂರು ಗಂಟೆಗೇ ಬಂದು ಅಂಗಡಿಯ ಅಕ್ಕಿ ಮೂಟೆ ಪಕ್ಕ ಕೂರುವುದು ಶುರುಮಾಡಿದಳು. ಅವಳ ಮನೆಗೆ ನಾನು ಮತ್ತೆ ಓಡುವ ಪ್ರಮೇಯವೇ ಬರಲಿಲ್ಲ.

ಪಿಯುಸಿ ಅರ್ಧಕ್ಕೆ ಬಿಟ್ಟ ನಾನು ನಿಮಗೆ ವಿಜ್ಞಾನ ಹೇಳೋದಕ್ಕೆ ಹೊರಟಿಲ್ಲ. ಈಗ ಬೊಂಬಾಯಿ ಏನು, ದುಬೈಯಲ್ಲಿರೋ ಮಗನ ಮುಖವನ್ನೂ ತಾಯಿ ಅಂಗೈಯಲ್ಲೇ ನೋಡ್ತಾಳೆ. ಆಪರೇಟರ್ ಇಲ್ಲ, ತಂತಿಯವನಿಲ್ಲ, ರೂಪಾಯಿಗೆ ಓಡೋ ಹುಡುಗನಿಲ್ಲ. ನಿಜವಾಗಿ ಒಳ್ಳೆಯದೇ ಆಯಿತು. ಆದರೆ ಶುಕ್ರವಾರ ಅಮ್ಮನಿಗೆ ನನ್ನ ಮೊಬೈಲು ಹೇಳಿದ್ದು, 2006ರಲ್ಲಿ ನಾನು ಶೆಟ್ಟರಿಗೆ ಹೇಳಿದ ಮಾತನ್ನೇ ಅಲ್ಲವೆ?

ಇಂಟರ್‌ವಲ್ಲಿನಲ್ಲಿ ಬೋಂಡಾ ಕ್ಯೂ ಬಿಟ್ಟು ಹೊರಗೆ ಬಂದು ಫೋನು ಮಾಡಿದೆ. 'ಏನಿಲ್ಲ ಕಣೋ, ಊಟ ಆಯ್ತಾ ಅಂತ ಕೇಳೋಣ ಅಂತ ಮಾಡ್ದೆ' ಅಂದಳು ಅಮ್ಮ. ಮಾತು ಮುಗಿಸಿ ಒಳಗೆ ಹೋಗುವಷ್ಟರಲ್ಲಿ ಎರಡನೇ ಭಾಗದ ಮೊದಲ ಹಾಡು ಹೋಗಿತ್ತು. ಹೋಗಲಿ ಬಿಡಿ, ನಾಳೆ ಸೆಕೆಂಡ್ ಷೋ ಇದ್ದೇ ಇದೆ.

ಮುಂದಿನ ವಾರ ಸಿಗೋಣ.