ಡಾಕ್ಟರ ಫೀಸು ಸರಿ, ಅದರ ಮೇಲಿನ ಫೀಸು ಯಾವುದು?

ಸುಗಟೂರಿನಿಂದ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಸಕ್ಕರೆ ಕಾಯಿಲೆಯ ಅಮ್ಮನನ್ನು ಕರೆದುಕೊಂಡು ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಇಬ್ಬರ ಬಸ್ ಚಾರ್ಜು, ಅಲ್ಲಿ ಆಟೊ, ಊಟ ಎಲ್ಲ ಬೇರೆ. ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದು ಸೊಪ್ಪು ಕೇಳುತ್ತಿದ್ದರಂತೂ ಹೊರಡುವ ಮಾತೇ ಇಲ್ಲ. ಹಾಗಾಗಿ ಫೋನಿನಲ್ಲೇ ಡಾಕ್ಟರನ್ನು ಕಾಣುವ ವ್ಯವಸ್ಥೆ ನಮ್ಮ ಕಡೆಯ ಹಳ್ಳಿಗಳಿಗೆ ನಿಜವಾದ ಉಪಕಾರ. ನನ್ನ ತಕರಾರು ಇರುವುದು ದುಡ್ಡು ಕಟ್ಟುವ ಕೊನೆಯ ಪುಟದ ಬಗ್ಗೆ.

ಆ್ಯಪ್ ತೆರೆದಾಗ ಡಾಕ್ಟರ ಫೋಟೊ, ಡಿಗ್ರಿ, ಪಕ್ಕದಲ್ಲಿ ಕನ್ಸಲ್ಟೇಷನ್ ಫೀಸು ಕಾಣುತ್ತದೆ. ಮಗ ಅಮ್ಮನ ಹೆಸರು, ವಯಸ್ಸು ತುಂಬುತ್ತಾನೆ, ರಿಪೋರ್ಟಿನ ಫೋಟೊ ಹಾಕುತ್ತಾನೆ, ಒಟಿಪಿ ಬರುವವರೆಗೆ ಸಿಗ್ನಲ್ ಹುಡುಕಿಕೊಂಡು ಜಗುಲಿಗೆ ಬರುತ್ತಾನೆ. ಇಷ್ಟೆಲ್ಲ ಆದಮೇಲೆ ಹಣ ಪಾವತಿಸುವ ಪುಟದಲ್ಲಿ ಮೊತ್ತ ಬೆಳೆದಿರುತ್ತದೆ. ಒಂದರಲ್ಲಿ ನೋಂದಣಿ ಶುಲ್ಕ, ಇನ್ನೊಂದರಲ್ಲಿ ಕನ್ವೀನಿಯನ್ಸ್ ಫೀಸು, ಮತ್ತೊಂದರಲ್ಲಿ ಪ್ಲಾಟ್‌ಫಾರ್ಮ್ ಫೀಸು. ಕೆಲವುಗಳಲ್ಲಿ ಸದಸ್ಯತ್ವದ ಚೌಕಕ್ಕೆ ಟಿಕ್ ಮೊದಲೇ ಬಿದ್ದಿರುತ್ತದೆ. "ಆಯ್ತೇನಪ್ಪಾ, ಡಾಕ್ಟರು ಸಿಕ್ಕಿದರಾ?" ಎಂದು ಅಮ್ಮ ಒಳಗಿನಿಂದ ಕೇಳುತ್ತಾಳೆ. ಮಗ ಪಿನ್ ಒತ್ತುತ್ತಾನೆ. ಕಾಯಿಲೆಯವರನ್ನು ಮನೆಯಲ್ಲಿಟ್ಟುಕೊಂಡು ಚೌಕಾಸಿಗೆ ಕೂರುವವರು ಯಾರು?

ಇದರ ಜೊತೆಗೆ ಇನ್ನೊಂದಿದೆ. ನಮ್ಮ ಕಡೆಯ ಎಷ್ಟೋ ಕ್ಲಿನಿಕ್ಕುಗಳಲ್ಲಿ, ರಕ್ತ ಪರೀಕ್ಷೆ ಬರೆದುಕೊಟ್ಟ ಡಾಕ್ಟರಿಗೆ ವಾರದೊಳಗೆ ರಿಪೋರ್ಟ್ ತೋರಿಸಿದರೆ ಮತ್ತೆ ಫೀಸು ಕೇಳುವುದಿಲ್ಲ. ಫೋನಿನಲ್ಲಿ ಆ ಮರ್ಯಾದೆಯೂ ಉಳಿಯುತ್ತಿಲ್ಲ. ಐದು ನಿಮಿಷದ ಮಾತು ಮುಗಿದು ಕರೆ ಕಡಿದರೆ, ರಿಪೋರ್ಟ್ ತೋರಿಸಲು ಹೊಸ ಬುಕಿಂಗು, ಹೊಸ ಫೀಸು, ಅದರ ಮೇಲೆ ಮತ್ತೆ ಅದೇ ಕನ್ವೀನಿಯನ್ಸ್.

ಕಾನೂನು ಏನೂ ಇಲ್ಲವೆಂದಲ್ಲ. ಲಾಕ್‌ಡೌನ್ ಶುರುವಾದ ದಿನವೇ, 2020ರ ಮಾರ್ಚ್ 25ರಂದು, ಕೇಂದ್ರದ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಂತು. ಫೀಸಿನ ವಿಷಯದಲ್ಲಿ ಫೋನಿನ ಸಲಹೆಯನ್ನೂ ಎದುರುಬದುರು ನೋಡಿದಂತೆಯೇ ಪರಿಗಣಿಸಬೇಕು, ವೈದ್ಯರು ಸೂಕ್ತ ಫೀಸು ಪಡೆಯಬಹುದು, ರಸೀದಿ ಕೊಡಬೇಕು ಎಂದು ಅದು ಹೇಳುತ್ತದೆ. ಮಧ್ಯದಲ್ಲಿ ನಿಂತ ಕಂಪನಿ ಮೇಲಿಂದ ಎಷ್ಟು ಹೇರಬಹುದು ಎಂಬ ಮಿತಿ ಮಾತ್ರ ಅದರಲ್ಲಿಲ್ಲ. ಗ್ರಾಹಕ ರಕ್ಷಣಾ ಪ್ರಾಧಿಕಾರದ 2023ರ ನವೆಂಬರ್ ಮಾರ್ಗಸೂಚಿಯು ಮೊದಲು ಒಂದು ಬೆಲೆ ತೋರಿಸಿ ಕೊನೆಗೆ ಇನ್ನೊಂದು ವಸೂಲು ಮಾಡುವುದನ್ನು, ಕೇಳದ್ದನ್ನು ಬುಟ್ಟಿಗೆ ತುರುಕುವುದನ್ನು ನಿಷೇಧಿಸಿದೆ. ನಿಷೇಧವಾದದ್ದೇ ರೋಗಿಗಳ ಪುಟದಲ್ಲಿ ನಡೆಯುತ್ತಿದ್ದರೂ ಹಿಡಿದು ಕೇಳುವವರಿಲ್ಲ.

ರಾಜ್ಯದ ಕೈಯಲ್ಲೂ ಹತಾರಗಳಿವೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದವರು ನಮ್ಮ ಶ್ರೀನಿವಾಸಪುರದ ಶಾಸಕರಾಗಿದ್ದ, ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್. ಖಾಸಗಿ ವೈದ್ಯರು ಮುಷ್ಕರ ಹೂಡಿದರು, ಮಸೂದೆ ಬಹಳಷ್ಟು ಸಡಿಲವಾಯಿತು, ದರ ನಿಗದಿ ಸರ್ಕಾರಿ ಯೋಜನೆಗಳ ಚಿಕಿತ್ಸೆಗಷ್ಟೇ ನಿಂತಿತು. ಆದರೂ ಆಸ್ಪತ್ರೆಗಳು ದರಪಟ್ಟಿ ಪ್ರದರ್ಶಿಸಬೇಕೆಂಬ ನಿಯಮ, ರೋಗಿಗಳ ಹಕ್ಕುಪಟ್ಟಿ, ದೂರು ಕೇಳಲು ಜಿಲ್ಲಾ ಪ್ರಾಧಿಕಾರ ಉಳಿದವು. ಗೋಡೆಯ ಮೇಲೆ ಹಾಕಬೇಕಾದ ಆ ದರಪಟ್ಟಿ ಫೋನಿನ ಮೊದಲ ಪುಟಕ್ಕೂ ಬರಲಿ. ಒಂದು ಸುತ್ತೋಲೆ ಹೊರಡಿಸಿದರೆ ಆಗುವ ಕೆಲಸ.

ಮಿತಿ ಹಾಕಲು ಸರ್ಕಾರಕ್ಕೆ ಅಧಿಕಾರವೆಲ್ಲಿದೆ ಎನ್ನುವವರಿಗೆ ಬೆಂಗಳೂರಿನ ಆಟೊಗಳೇ ಉತ್ತರ. ಆ್ಯಪ್‌ಗಳು ಆಟೊ ಬಾಡಿಗೆಯ ಮೇಲೆ ಮನಬಂದಷ್ಟು ಸೇರಿಸುತ್ತಿವೆ ಎಂದು ಜನ ರೊಚ್ಚಿಗೆದ್ದಾಗ, 2022ರ ನವೆಂಬರ್‌ನಲ್ಲಿ ಸಾರಿಗೆ ಇಲಾಖೆ ಸೇವಾ ಶುಲ್ಕವನ್ನು ಶೇ 5ಕ್ಕೆ, ಜಿಎಸ್‌ಟಿ ಬೇರೆ, ನಿಲ್ಲಿಸಿತು. 2024ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಟೊ ಹತ್ತುವವನಿಗೆ ಸಿಕ್ಕ ರಕ್ಷಣೆ ಇನ್ಸುಲಿನ್ ಡೋಸು ಕೇಳಲು ಫೋನು ಹಿಡಿದ ಮುದುಕಿಗೆ ಸಿಗಬಾರದೇ? ಸಾರಿಗೆ ಇಲಾಖೆ ಮಾಡಿದ್ದನ್ನು ಆರೋಗ್ಯ ಇಲಾಖೆ ಮಾಡಲಾಗದು ಎಂದರೆ ನಾನು ಒಪ್ಪುವುದಿಲ್ಲ.

ಆ್ಯಪ್ ನಡೆಸಲು ಖರ್ಚಿದೆ, ಸರ್ವರ್‌ಗೆ, ಸಿಬ್ಬಂದಿಗೆ ದುಡ್ಡು ಬೇಕು ಎಂಬ ಮಾತನ್ನು ತಳ್ಳಿಹಾಕಲಾಗದು. ಆದರೆ ರೋಗಿ ಆಸ್ಪತ್ರೆಯ ಕುರ್ಚಿ, ಫ್ಯಾನು, ಕೌಂಟರು ಯಾವುದನ್ನೂ ಬಳಸದೆ ತನ್ನದೇ ಡೇಟಾ ಸುಟ್ಟು ಮಾತಾಡುತ್ತಿದ್ದಾನೆ. ಆಸ್ಪತ್ರೆಗೆ ಉಳಿದ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ.

2020ರಿಂದ ಕೇಂದ್ರದ ಇ-ಸಂಜೀವಿನಿ ಒಂದು ಪೈಸೆ ಪಡೆಯದೆ ಡಾಕ್ಟರನ್ನು ಫೋನಿನಲ್ಲಿ ಕಾಣಿಸುತ್ತಿದೆ. ಮನಸ್ಸಿನ ತೊಂದರೆಗೆ 14416ರ ಟೆಲಿ ಮಾನಸ್ ಕೂಡ ಉಚಿತ. ಸುಗಟೂರಿನ ಎಷ್ಟು ಮನೆಗಳಿಗೆ ಇದು ಗೊತ್ತಿದೆ? ಆಶಾ ಕಾರ್ಯಕರ್ತೆಯರ ಕೈಯಲ್ಲಿ, ಹಾಲಿನ ಡೇರಿಯ ಗೋಡೆಯ ಮೇಲೆ ಈ ಮಾಹಿತಿ ಇರಬೇಕಾದದ್ದು. ಅದನ್ನು ಪಂಚಾಯಿತಿ ಈ ವಾರವೇ ಮಾಡಬಹುದು.

ಆರೋಗ್ಯ ಇಲಾಖೆ ಶುಲ್ಕಕ್ಕೆ ಮಿತಿ ಹಾಕಲಿ, ಒಟ್ಟು ಮೊತ್ತ ಮೊದಲ ಪುಟದಲ್ಲೇ ಕಾಣಲಿ, ವಾರದೊಳಗೆ ರಿಪೋರ್ಟ್ ತೋರಿಸುವುದಕ್ಕೆ ಮತ್ತೆ ಫೀಸು ಬೇಡ. ಅಲ್ಲಿಯವರೆಗೆ ಓದುಗರು ಫೋನಿನಲ್ಲಿ ಡಾಕ್ಟರನ್ನು ಕಂಡಾಗಲೆಲ್ಲ ರಸೀದಿ ಕೇಳಿ ಪಡೆಯಿರಿ. ಹೇಳದೆ ಸೇರಿಸಿದ ಶುಲ್ಕ ಕಂಡರೆ ಸ್ಕ್ರೀನ್‌ಶಾಟ್ ತೆಗೆದಿಟ್ಟು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.