ಕೆರೆಯೊಳಗೆ ಹೋದ ರೈಲು

ಕಳೆದ ದಸರೆಯ ರಜೆಯಲ್ಲಿ ನನ್ನ ವಿದ್ಯಾರ್ಥಿಯೊಬ್ಬನು ಮನೆಗೆ ಬಂದು, “ಸಾರ್, ನನ್ನ ರೈಲು ಕೆರೆಯೊಳಗೆ ಹೋಗುತ್ತಿದೆ. ಏನು ಮಾಡಲಿ?” ಎಂದು ಕೇಳಿದನು. ಕನ್ನಡ ಪಾಠ ಹೇಳುವವನನ್ನು ಕೇಳುವ ಪ್ರಶ್ನೆಯೇ ಇದು? ಕಂದಪದ್ಯದಲ್ಲಿ ಒಂದು ಮಾತ್ರೆ ತಪ್ಪಿದ್ದರೆ ತಿದ್ದಿಕೊಡಬಲ್ಲೆ. ಕೆರೆಗಿಳಿದ ರೈಲನ್ನು ಮೇಲೆತ್ತುವ ವಿದ್ಯೆಯನ್ನು ನನಗೆ ಯಾರೂ ಕಲಿಸಿಲ್ಲ. ಆದರೆ ಹುಡುಗನ ಮುಖದಲ್ಲಿ ಪರಿಹಾಸವಿರಲಿಲ್ಲ. ಕೂರಿಸಿ, ಕಾಫಿ ಕೊಟ್ಟು, ಸಂಗತಿಯೇನೆಂದು ವಿಚಾರಿಸಿದೆ.

ಕಂಪ್ಯೂಟರಿನ ತೆರೆಯ ಮೇಲೆ ರೈಲು ನಡೆಸುವ ಆಟವೊಂದುಂಟು. ಆಟವೆನ್ನುವುದಕ್ಕಿಂತ ಅನುಕರಣವೆನ್ನುವುದೇ ಲೇಸು. ಏರಿನಲ್ಲಿ ಎಂಜಿನು ಏದುಸಿರು ಬಿಡಬೇಕು, ಇಳಿಜಾರಿನಲ್ಲಿ ಬ್ರೇಕು ಹಾಕದಿದ್ದರೆ ಗಾಡಿ ಕೈಮೀರಬೇಕು. 2001ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಹೊರತಂದ ಇಂಥದೊಂದು ಆಟದಲ್ಲಿ ಆರು ಮಾರ್ಗಗಳಿದ್ದವು. ನಮ್ಮ ದೇಶದ್ದು ಒಂದೂ ಇರಲಿಲ್ಲ. ಆದರೆ ಬೇಕಾದವರು ತಮಗೆ ಬೇಕಾದ ಮಾರ್ಗವನ್ನು ತಾವೇ ಕಟ್ಟಿಕೊಳ್ಳುವ ಸಲಕರಣೆಯೂ ಅದರೊಡನೆ ಇದ್ದಿತು. ಹಾಗೆ ಕಟ್ಟಿದ ಮಾರ್ಗಗಳನ್ನು ಓಡಿಸಬಲ್ಲ ‘ಓಪನ್ ರೈಲ್ಸ್’ ಈಗ ಉಚಿತವಾಗಿಯೇ ದೊರೆಯುತ್ತದೆ.

ನನ್ನ ಶಿಷ್ಯನು ಕಟ್ಟಲು ಹೊರಟದ್ದು ಶಿವಮೊಗ್ಗ–ತಾಳಗುಪ್ಪ ಮಾರ್ಗವನ್ನು. ಅದೂ ಇಂದಿನದನ್ನಲ್ಲ, ಮೀಟರ್‌ಗೇಜಿನ ಕಾಲದ್ದನ್ನು. ಬೀರೂರಿನಿಂದ 1899ರಲ್ಲಿ ಶಿವಮೊಗ್ಗಕ್ಕೆ ಬಂದ ರೈಲು, ಕುಂಸಿ, ಅರಸಾಳು, ಆನಂದಪುರ, ಸಾಗರಗಳನ್ನು ಹಾದು ಜೋಗದ ಸಮೀಪದ ತಾಳಗುಪ್ಪವನ್ನು ಮುಟ್ಟುವುದಕ್ಕೆ ಸುಮಾರು ನಾಲ್ಕು ದಶಕಗಳೇ ಹಿಡಿದವು. ಒಂದು ಮೀಟರು ಅಗಲದ ಆ ಹಳಿ ಈ ಶತಮಾನದಲ್ಲಿ ಎದ್ದುಹೋಗಿ, 1676 ಮಿಲಿಮೀಟರು ಅಗಲದ ಹಳಿ ಬಂದಿದೆ. ಅದರಿಂದ ಜನರಿಗೆ ಅನುಕೂಲವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹುಡುಗನ ತಂದೆ ಊಟಕ್ಕೆ ಕುಳಿತಾಗಲೆಲ್ಲ ಹಳೆಯ ರೈಲಿನ ಕಥೆಯನ್ನೇ ಹೇಳುವರಂತೆ. ಅದನ್ನು ಒಮ್ಮೆಯಾದರೂ ಕಣ್ಣಾರೆ ಕಾಣಬೇಕೆಂಬುದು ಮಗನ ಹಂಬಲ.

“ಉಪಗ್ರಹದ ಚಿತ್ರಗಳಿವೆಯಲ್ಲ, ಸಾಲದೆ?” ಎಂದೆ. ಸಾಲದಂತೆ. ಉಪಗ್ರಹ ಇಂದಿನ ಹಳಿಯನ್ನು ತೋರಿಸುತ್ತದೆಯೇ ಹೊರತು ಕಿತ್ತುಹೋದದ್ದನ್ನಲ್ಲ. ಆದಕಾರಣ ಅವನು ಹಳೆಯ ನಕ್ಷೆಗಳ ಬೆನ್ನುಹತ್ತಿದ್ದನು. ಅಮೆರಿಕದ ಸೈನ್ಯದವರು 1950ರ ದಶಕದಿಂದ ಮುದ್ರಿಸಿದ ಭಾರತದ ನಕ್ಷೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾನಿಲಯದ ಗ್ರಂಥಭಂಡಾರ ಎಲ್ಲರಿಗೂ ತೆರೆದಿಟ್ಟಿದೆ. ನಮ್ಮ ಸರ್ವೇ ಆಫ್ ಇಂಡಿಯಾದ, ಮೈಲಿಗೊಂದು ಅಂಗುಲದ ನಕ್ಷೆಯ ಹಾಳೆಗಳೂ ಅವನಿಗೆ ಸಿಕ್ಕಿದ್ದವು. ಅವುಗಳಂತೆ ಹಳಿ ಹಾಸಿದರೆ ರೈಲು ಕೆರೆಯ ಏರಿಯನ್ನು ಬಿಟ್ಟು ನೀರಿನಲ್ಲೇ ನಡೆಯಿತು!

ಇದಕ್ಕೆ ಉತ್ತರ ಕೊಟ್ಟವರು ನಮ್ಮ ಕಾಲೇಜಿನ ಭೂಗೋಳದ ಅಧ್ಯಾಪಕರು. ನಮ್ಮ ಹಳೆಯ ನಕ್ಷೆಗಳು ಭೂಮಿಯ ಆಕಾರಕ್ಕೆ ಜಾರ್ಜ್ ಎವರೆಸ್ಟನು 1830ರಲ್ಲಿ ಕೊಟ್ಟ ಲೆಕ್ಕವನ್ನು ಆಧರಿಸಿವೆ. ಇಂದಿನ ಉಪಗ್ರಹಗಳ ಲೆಕ್ಕವೇ ಬೇರೆ. ಅಕ್ಷಾಂಶ, ರೇಖಾಂಶಗಳನ್ನು ನಂಬಿ ಒಂದರ ಮೇಲೊಂದು ಇಟ್ಟರೆ ನಮ್ಮ ಸೀಮೆಯಲ್ಲಿ ನೂರು ಮೀಟರಿಗೂ ಹೆಚ್ಚು ವ್ಯತ್ಯಾಸ ಬರುತ್ತದೆ. ಕೆರೆಗೆ ಬೀಳಲು ಅಷ್ಟು ಧಾರಾಳವಾಗಿ ಸಾಕು. ಕಾಲದಿಂದ ಕದಲದ ಗುರುತುಗಳನ್ನು, ಅಂದರೆ ಹಳೆಯ ದೇವಸ್ಥಾನ, ಕೆರೆಯ ಕೋಡಿ, ಹೊಳೆಗಳ ಸಂಗಮ ಇಂಥವನ್ನು, ಎರಡರಲ್ಲಿಯೂ ಗುರುತಿಸಿ ನಕ್ಷೆಯನ್ನು ಎಳೆದು ಕೂರಿಸಬೇಕೆಂದು ಅವರು ಹೇಳಿಕೊಟ್ಟರು.

ಏರಿಳಿತದ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವುಂಟು. 2000ದ ಫೆಬ್ರವರಿಯಲ್ಲಿ ‘ಎಂಡೆವರ್’ ಎಂಬ ಆಕಾಶನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ, ರೇಡಾರಿನಿಂದ ಅದರ ಎತ್ತರಗಳನ್ನು ಅಳೆಯಿತು. ಆದರೆ ದಟ್ಟವಾದ ಕಾಡಿನಲ್ಲಿ ಆ ರೇಡಾರು ಬಹುಮಟ್ಟಿಗೆ ಮರಗಳ ನೆತ್ತಿಯನ್ನೇ ನೆಲವೆಂದು ಬಗೆಯುತ್ತದೆ. ಮಲೆನಾಡಿನಲ್ಲಿ ಗತಿಯೇನು? ಕಾಲ್ನಡೆಯಲ್ಲಿ ಕಾಡು ಹೊಕ್ಕ ಸರ್ವೆಯವರು ಎಳೆದ ಸಮೋನ್ನತ ರೇಖೆಗಳೇ ಅಲ್ಲಿ ಗತಿ. ಐವತ್ತು ಅಡಿಗೊಂದರಂತೆ ಇರುವ ಆ ರೇಖೆಗಳ ನಡುವೆ ರೈಲು ಅರ್ಧ ಮೈಲಿ ನಡೆದಿದ್ದರೆ, ಸುಮಾರು 53 ಅಡಿಗೆ ಒಂದಡಿಯ ಏರು ಎಂದು ಲೆಕ್ಕ.

ಇಷ್ಟಾದರೂ ನಕ್ಷೆ ಹೇಳದೆ ಬಿಟ್ಟದ್ದೇ ಹೆಚ್ಚು. ಇಂಗ್ಲೆಂಡಿನವರ ಭಾಗ್ಯವೇ ಬೇರೆ. ಅವರಲ್ಲಿ ಮೈಲಿಗೆ ಇಪ್ಪತ್ತೈದು ಅಂಗುಲದ ನಕ್ಷೆಗಳಿವೆ. ಒಂದೊಂದು ಸಿಗ್ನಲ್ ಕಂಬಕ್ಕೂ ಅದರಲ್ಲಿ ಗುರುತುಂಟು. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಅವನ್ನು ಲೋಕಕ್ಕೆಲ್ಲ ತೋರಿಸುತ್ತಿದೆ. ಬಾತ್‌ನಿಂದ ಬೋರ್ನ್‌ಮತ್‌ಗೆ ಹೋಗುತ್ತಿದ್ದು 1966ರಲ್ಲಿ ಮುಚ್ಚಿಹೋದ ರೈಲುಮಾರ್ಗವನ್ನು ಮತ್ತೆ ಕಟ್ಟುವವನಿಗೆ ಕಂಬ ಎಲ್ಲಿತ್ತೆಂಬ ಚಿಂತೆಯಿಲ್ಲ. ನಮ್ಮ ಅಂಗುಲದ ನಕ್ಷೆಯಲ್ಲಾದರೋ ಇಡೀ ನಿಲ್ದಾಣಕ್ಕೆ ದೊರೆತಿರುವುದು ಎರಡಕ್ಷರ: ‘ಆರ್.ಎಸ್.’

ಆಗ ನನಗೆ ದೊಡ್ಡಪ್ಪನವರ ನೆನಪಾಯಿತು. ಅವರು ರೈಲ್ವೆಯಲ್ಲಿ ಗಾರ್ಡಾಗಿದ್ದು ನಿವೃತ್ತರಾದವರು. ಆ ಮಾರ್ಗದಲ್ಲಿ ಕೆಲಕಾಲ ದುಡಿದವರು. ಈಗ ವಯಸ್ಸು ಎಂಬತ್ತೈದು, ದೃಷ್ಟಿ ಮಂದ. ಶಿಷ್ಯನನ್ನು ಅವರ ಬಳಿಗೆ ಕರೆದೊಯ್ದೆ. ಅವನು ತಾನು ಕಟ್ಟಿದ್ದನ್ನು ಉತ್ಸಾಹದಿಂದ ಬಣ್ಣಿಸತೊಡಗಿದನು: ಉಗಿ ಎಂಜಿನಿನ ಗೂಡ್ಸ್ ಗಾಡಿ, ಅದಕ್ಕೆ ಎದುರಾಗಿ ಬರುವ ರೈಲ್‌ಬಸ್ಸು, ಅರಸಾಳಿನಲ್ಲಿ ‘ಮಾಲ್ಗುಡಿ’ ಎಂಬ ಹಲಗೆ. ದೊಡ್ಡಪ್ಪನವರು ಎಲ್ಲವನ್ನೂ ಕೇಳಿ, “ಇದು ಯಾವ ಇಸವಿಯ ರೈಲು, ಮಗು?” ಎಂದರು.

ಹುಡುಗನು ತಬ್ಬಿಬ್ಬಾದನು. ಅವನ ನಕ್ಷೆ ಐವತ್ತರ ದಶಕದ್ದು. ರೈಲ್‌ಬಸ್ಸು ಮೀಟರ್‌ಗೇಜಿನ ಕೊನೆಗಾಲದ್ದು. ಶಂಕರನಾಗ್ ಅವರ ‘ಮಾಲ್ಗುಡಿ ಡೇಸ್’ ದೂರದರ್ಶನ ಮಾಲಿಕೆಗಾಗಿ ಅರಸಾಳು ಮಾಲ್ಗುಡಿಯಾದದ್ದು ಎಂಬತ್ತರ ದಶಕದಲ್ಲಿ. ಅಲ್ಲಿ ಮಾಲ್ಗುಡಿಯ ಹೆಸರಿನ ವಸ್ತುಸಂಗ್ರಹಾಲಯ ತೆರೆದದ್ದು 2020ರಲ್ಲಿ. “ಒಂದೊಂದೂ ನಿಜವೇ. ಆದರೆ ಇವೆಲ್ಲ ಒಟ್ಟಿಗೆ ಇದ್ದ ದಿನ ಯಾವುದೂ ಇಲ್ಲವಲ್ಲ” ಎಂದರು ದೊಡ್ಡಪ್ಪನವರು. ಅವರ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ.

ನನಗೆ ಆ ಮಾತು ಪಾಠವಾಯಿತು. ಹಳೆಯದನ್ನು ಪ್ರೀತಿಸುವ ನಾವು ನೆನಪಾದುದನ್ನೆಲ್ಲ ಒಂದೇ ಬುಟ್ಟಿಯಲ್ಲಿ ತುಂಬಿ ‘ಆಗಿನ ಕಾಲ’ವೆಂದು ಹೆಸರಿಡುತ್ತೇವೆ. ಅಂಥ ಕಾಲ ಎಲ್ಲಿಯೂ ಇರಲಿಲ್ಲ. ನಕ್ಷೆಯ ಅಂಚಿನಲ್ಲಿ ಅಳತೆಯಾದ ವರ್ಷ, ಅಚ್ಚಾದ ವರ್ಷ ಎರಡನ್ನೂ ಕಾಣಿಸಿರುತ್ತಾರೆ. ನೆನಪಿಗೆ ಅಂಥ ಅಂಚಿಲ್ಲ.

ಕೊನೆಗೆ ಒಂದು ವರ್ಷವನ್ನು ಆರಿಸಿಕೊಂಡದ್ದಾಯಿತು: 1978, ಮಳೆಗಾಲ. ದೊಡ್ಡಪ್ಪನವರು ಪೆಟ್ಟಿಗೆಯಿಂದ, ಸಿಬ್ಬಂದಿಗೆಂದೇ ಅಚ್ಚಾಗುತ್ತಿದ್ದ ಹಳೆಯ ವೇಳಾಪಟ್ಟಿಯನ್ನು ತೆಗೆಸಿದರು. ಎಲ್ಲಿ ವೇಗ ತಗ್ಗಿಸಬೇಕು, ಎಲ್ಲಿ ಗಾಡಿಗಳು ಒಂದನ್ನೊಂದು ದಾಟಬೇಕು ಎಂಬುದು ಅದರಲ್ಲಿತ್ತು. ಒದ್ದೆ ಹಳಿಯ ಮೇಲೆ ಚಕ್ರ ಜಾರಿದಾಗ ಮರಳು ಬಿಡುತ್ತಿದ್ದ ಜಾಗಗಳು ಅದರಲ್ಲಿಲ್ಲ. ಅವು ಅವರ ಬಾಯಲ್ಲಿದ್ದವು. ಹುಡುಗನು ನಾಲ್ಕು ಭಾನುವಾರ ಬಂದು ಬರೆದುಕೊಂಡನು.

ಸಂಕ್ರಾಂತಿಯ ಮಾರನೆಯ ದಿನ ಅವನು ಯಂತ್ರವನ್ನೇ ಹೊತ್ತು ತಂದನು. ದೊಡ್ಡಪ್ಪನವರು ಕಣ್ಣು ಮುಚ್ಚಿಕೊಂಡು ಶಬ್ದವನ್ನು ಮಾತ್ರ ಆಲಿಸುತ್ತ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ, “ಗೇಟಿನ ಹತ್ತಿರ ಸಿಳ್ಳು ಹಾಕಲಿಲ್ಲ” ಎಂದರು. “ನಕ್ಷೆಯಲ್ಲಿ ಅಲ್ಲಿ ಗೇಟಿಲ್ಲ, ಅಜ್ಜ” ಎಂದನು ಹುಡುಗ. “ಇಲ್ಲದಿರಬಹುದು. ನಾನಿರುವಾಗಲೇ ಬರೆದುಕೊ” ಎಂದರು.

ವಾಚಕರೇ, ನಿಮ್ಮ ಮನೆಯಲ್ಲಿಯೂ ರೈಲ್ವೆಯಲ್ಲೋ ಅಂಚೆಯಲ್ಲೋ ಗಿರಣಿಯಲ್ಲೋ ದುಡಿದ ಹಿರಿಯರಿರಬಹುದು. ಬರುವ ಭಾನುವಾರ ಅವರ ಬಳಿ ಕುಳಿತು ಕೇಳಿರಿ. ಕೇಳುವಾಗ ಇಸವಿಯನ್ನು ಮಾತ್ರ ಮರೆಯಬೇಡಿರಿ.