ರಾಷ್ಟ್ರೀಯ ಲೀಗಿನ ಬಾಗಿಲು

ಒಂದು ದೇಶದ ಅತ್ಯುನ್ನತ ಫುಟ್‌ಬಾಲ್ ಲೀಗ್ ತನ್ನ ಮೊದಲ ಸೀಸನ್ನಿನಲ್ಲೇ ನಿಜವಾಗಿ ರಾಷ್ಟ್ರೀಯವಾಗಿರುವುದು ಅಪರೂಪ. 1888ರ ಸೆಪ್ಟೆಂಬರ್ 8ರಂದು ಇಂಗ್ಲೆಂಡಿನಲ್ಲಿ ಶುರುವಾದ ಫುಟ್‌ಬಾಲ್ ಲೀಗ್ ಈ ಬಗೆಯ ಲೀಗುಗಳಿಗೆಲ್ಲ ಹಿರಿಯದು. ಅಲ್ಲಿ ಆಡಿದ ಹನ್ನೆರಡು ಕ್ಲಬ್ಬುಗಳಲ್ಲಿ ಆರು ಲ್ಯಾಂಕಾಶೈರಿನವು, ಉಳಿದ ಆರು ಮಿಡ್‌ಲ್ಯಾಂಡ್ಸ್ ಪ್ರಾಂತದವು. ರಾಜಧಾನಿ ಲಂಡನ್ನಿನದು ಒಂದೂ ಇರಲಿಲ್ಲ. ಗೆದ್ದವರಿಗೆ ಎಷ್ಟು ಅಂಕ, ಸಮ ಮಾಡಿಕೊಂಡವರಿಗೆ ಎಷ್ಟು ಎಂಬುದು ಕೂಡ ಆಟ ಆರಂಭವಾದಾಗ ತೀರ್ಮಾನವಾಗಿರಲಿಲ್ಲ. ಗೆಲುವಿಗೆ ಎರಡು, ಡ್ರಾಗೆ ಒಂದು ಎಂದು ಗೊತ್ತುಪಡಿಸಿದ್ದು ನವೆಂಬರಿನಲ್ಲಿ. ಪ್ರೆಸ್ಟನ್ ನಾರ್ತ್ ಎಂಡ್ ತಂಡ 22 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಚಾಂಪಿಯನ್ ಆಯಿತು.

ಆ ಲೀಗ್ ಹುಟ್ಟಿದ್ದಕ್ಕೆ ದೇಶಾಭಿಮಾನ ಕಾರಣವಲ್ಲ, ಸಂಬಳ ಕಾರಣ. 1885ರಲ್ಲಿ ವೃತ್ತಿಪರ ಆಟಕ್ಕೆ ಮನ್ನಣೆ ಸಿಕ್ಕ ಮೇಲೆ ಕ್ಲಬ್ಬುಗಳು ವಾರವಾರವೂ ಆಟಗಾರರಿಗೆ ಕೂಲಿ ಕೊಡಬೇಕಾಯಿತು. ಕಪ್ ಪಂದ್ಯದಲ್ಲಿ ಒಮ್ಮೆ ಸೋತರೆ ಆ ವರ್ಷದ ಗಳಿಕೆ ಮುಗಿಯಿತು, ಸ್ನೇಹ ಪಂದ್ಯಕ್ಕೆ ಒಪ್ಪಿಕೊಂಡ ಎದುರಾಳಿ ಕೊನೇ ಗಳಿಗೆಯಲ್ಲಿ ಕೈಕೊಟ್ಟರೆ ಕೇಳುವವರಿಲ್ಲ. ಆಸ್ಟನ್ ವಿಲ್ಲಾದ ವಿಲಿಯಂ ಮೆಕ್‌ಗ್ರೆಗರ್ ಇದಕ್ಕೆ ಕಂಡುಕೊಂಡ ದಾರಿ ಎಂದರೆ, ವರ್ಷವಿಡೀ ಯಾರು ಯಾರೊಡನೆ ಎಲ್ಲಿ ಆಡುತ್ತಾರೆ ಎಂಬುದನ್ನು ಮೊದಲೇ ಗೊತ್ತುಮಾಡಿ ಎಲ್ಲರೂ ಅದಕ್ಕೆ ಬದ್ಧರಾಗುವುದು. ಆದರೆ ಆ ಮೊದಲ ಸೀಸನ್ನಿನ ನಿಯಮಗಳಲ್ಲಿ ಇನ್ನೊಂದು ಮಾತೂ ಇತ್ತು. ಪಟ್ಟಿಯ ಕೊನೆಯ ನಾಲ್ಕು ಕ್ಲಬ್ಬುಗಳು ಮರು ಆಯ್ಕೆಗಾಗಿ ಅರ್ಜಿ ಹಾಕಿಕೊಳ್ಳಬೇಕು, ಆ ಜಾಗ ಹೊರಗಿನವರಿಗೂ ಸಿಗಬಹುದು. ಎರಡು ಪ್ರಾಂತಗಳ ಕೂಟವಾಗಿದ್ದ ಲೀಗು ಮುಂದೆ ದೇಶದ್ದಾಗಿ ಬೆಳೆದದ್ದು ಈ ನಿಯಮದ ಬಲದಿಂದ. ಆದ್ದರಿಂದ ಮೊದಲ ಸೀಸನ್ನಿನ ಬಗ್ಗೆ ಕೇಳಬೇಕಾದ ಮುಖ್ಯ ಪ್ರಶ್ನೆ ಎಷ್ಟು ಊರುಗಳ ತಂಡಗಳು ಆಡಿದವು ಎಂಬುದಲ್ಲ. ಆಡದೆ ಉಳಿದ ಊರಿನವರು ಒಳಗೆ ಬರಲು ಬಾಗಿಲು ಇತ್ತೇ ಎಂಬುದು.

ಈ ಪ್ರಶ್ನೆಯನ್ನು ದೊಡ್ಡ ನಗರದಿಂದ ನೋಡಿದರೆ ಅದರ ತೂಕ ತಿಳಿಯುವುದಿಲ್ಲ. ತಮಿಳುನಾಡಿನ ತೇನಿ ಜಿಲ್ಲೆಯ ತೇವಾರಂನಂಥ ಊರಿನಿಂದ ನೋಡಬೇಕು. ಪಶ್ಚಿಮ ಘಟ್ಟದ ಬುಡದಲ್ಲಿರುವ ಈ ಪಟ್ಟಣದ ನೆತ್ತಿಯ ಮೇಲೆ ಕೇರಳದ ಇಡುಕ್ಕಿ ಜಿಲ್ಲೆಯ ಏಲಕ್ಕಿ ತೋಟಗಳಿವೆ. ಈ ಭಾಗದ ಕಂಬಂ ಕಣಿವೆಯ ಒಕ್ಕಲಿಗರ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡ ಮನೆಮಾತಾಗಿ ಉಳಿದಿದೆ. ದಿಂಡಿಗಲ್ ಕಡೆಯ ಅನುಪ್ಪರ್ ಸಮುದಾಯದವರದೂ ಹಾಗೆಯೇ. ಆಡಳಿತಕ್ಕೆ ಚೆನ್ನೈ, ದುಡಿಮೆಗೆ ಕೇರಳದ ಬೆಟ್ಟ, ಮನೆಮಾತಿಗೆ ಕನ್ನಡ ಎಂಬಂತಿರುವ ಈ ಊರು ಯಾವ ಫ್ರಾಂಚೈಸಿಯ ನಕ್ಷೆಯಲ್ಲೂ ಸಲೀಸಾಗಿ ಕೂರುವುದಿಲ್ಲ. ರಾಜ್ಯದ ಲೆಕ್ಕದಲ್ಲಿ ಇಲ್ಲಿನವರ ತಂಡ ಚೆನ್ನೈಯದು. ರಸ್ತೆಯ ಲೆಕ್ಕ ಹಿಡಿದರೆ ಕೊಚ್ಚಿಯ ಕ್ರೀಡಾಂಗಣ ಎಷ್ಟೋ ಹತ್ತಿರ.

ಭಾರತದಲ್ಲಿ ಲೀಗಿಗಿಂತ ಬಹಳ ಮೊದಲು ಬಂದದ್ದು ಟೂರ್ನಿ. ಇಂಗ್ಲೆಂಡಿನ ಲೀಗು ಹುಟ್ಟಿದ 1888ರಲ್ಲೇ ಶಿಮ್ಲಾದಲ್ಲಿ ಡ್ಯುರಾಂಡ್ ಕಪ್ ಶುರುವಾಯಿತು. 1941ರಿಂದ ರಾಜ್ಯ ತಂಡಗಳಿಗೆ ಸಂತೋಷ್ ಟ್ರೋಫಿ ಇತ್ತು. ಮೈಸೂರು ರಾಜ್ಯ ಅದನ್ನು ನಾಲ್ಕು ಸಲ ಗೆದ್ದಿತ್ತು. ಕರ್ನಾಟಕ ಎಂಬ ಹೆಸರಿನಲ್ಲಿ ಮತ್ತೆ ಗೆಲ್ಲಲು 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ನಡೆದ ಫೈನಲ್ಲಿನವರೆಗೆ ಕಾಯಬೇಕಾಯಿತು. ಟೂರ್ನಿಗೆ ತಂಡ ಕಳಿಸುವುದು ಸುಲಭ, ಹದಿನೈದು ದಿನ ರಜೆ ಹಾಕಿ ಬಂದರಾಯಿತು. ಲೀಗಿಗೆ ವರ್ಷಪೂರ್ತಿ ಮೈದಾನ, ಪ್ರಯಾಣ, ಸಂಬಳ ಬೇಕು. ಬೆಂಗಳೂರಿನ ಎಚ್‌ಎಎಲ್, ಐಟಿಐ, ಚೆನ್ನೈಯ ಇಂಡಿಯನ್ ಬ್ಯಾಂಕಿನಂಥ ತಂಡಗಳು ನೌಕರಿ ಕೊಟ್ಟು ಆಟಗಾರರನ್ನು ಸಾಕಿದವು. ದಕ್ಷಿಣದ ಸಣ್ಣ ಊರಿನ ಹುಡುಗನಿಗೆ ಚೆಂಡು ಒದೆಯುವುದರಿಂದ ಬದುಕು ಸಿಗುವ ಭರವಸೆ ಇದ್ದದ್ದು ಈ ಒಂದು ಹಾದಿಯಲ್ಲಿ. ಅದನ್ನು ಹಳತೆಂದು ಹೀಗಳೆಯುವವರು, ಅದರ ಜಾಗಕ್ಕೆ ಬಂದದ್ದು ಏನು ಎಂಬುದನ್ನೂ ಹೇಳಬೇಕು.

1996ರ ಡಿಸೆಂಬರಿನಲ್ಲಿ ಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಆರಂಭವಾಯಿತು. ಹನ್ನೆರಡು ತಂಡಗಳನ್ನು ಎರಡು ಗುಂಪು ಮಾಡಿ, ಪ್ರತಿ ಗುಂಪಿನ ಮೊದಲ ನಾಲ್ಕು ತಂಡಗಳಿಗೆ ಮುಂದಿನ ಸುತ್ತು ಇಟ್ಟಿದ್ದರು. ಅಂದರೆ ಲೀಗೆಂಬ ಹೆಸರಿನಲ್ಲಿ ಟೂರ್ನಿಯ ಗುಣ ಇನ್ನೂ ಉಳಿದಿತ್ತು. ಪಂಜಾಬಿನ ಫಗ್ವಾರದ ಜೆಸಿಟಿ ಗೆದ್ದಿತು. ಅದರ ಪರ ಆಡಿದ ಭೈಚುಂಗ್ ಭುಟಿಯಾ ಅತಿ ಹೆಚ್ಚು ಗೋಲು ಹೊಡೆದರು. ಸಿಕ್ಕಿಂನ ಹಳ್ಳಿಯ ಹುಡುಗ ಪಂಜಾಬಿನ ಜವಳಿ ಗಿರಣಿಯ ತಂಡಕ್ಕೆ ಆಡಿ ದೇಶಕ್ಕೆಲ್ಲ ಪರಿಚಿತನಾದದ್ದನ್ನು ನೋಡಿದರೆ ಆ ಲೀಗಿಗೆ ರಾಷ್ಟ್ರೀಯ ಎಂಬ ಹೆಸರು ಸ್ವಲ್ಪಮಟ್ಟಿಗಾದರೂ ಒಪ್ಪುತ್ತಿತ್ತು.

ಹನ್ನೊಂದು ವರ್ಷಗಳ ಬಳಿಕ ಅದಕ್ಕೆ ಹೊಸ ಬಟ್ಟೆ ತೊಡಿಸಿ ಐ-ಲೀಗ್ ಎಂದು ಕರೆದರು. 2007ರ ನವೆಂಬರ್ 24ರಂದು ಮಡಗಾಂವಿನಲ್ಲಿ ಶುರುವಾದ ಅದರ ಮೊದಲ ಸೀಸನ್ನಿನಲ್ಲಿ ಹತ್ತು ತಂಡಗಳಿದ್ದವು. ಗೋವಾದವು ನಾಲ್ಕು, ಕೋಲ್ಕತ್ತದ ಎರಡು, ಮುಂಬೈಯ ಎರಡು, ಪಂಜಾಬಿನದೊಂದು, ಕೇರಳದ್ದೊಂದು. ಕರ್ನಾಟಕದಿಂದ ಒಂದೂ ಇಲ್ಲ, ತಮಿಳುನಾಡಿನಿಂದ ಒಂದೂ ಇಲ್ಲ, ಆಟಗಾರರ ತವರೆನಿಸಿದ ಮಣಿಪುರ, ಮಿಜೋರಂಗಳಿಂದಲೂ ಇಲ್ಲ. ಹಾಗಿದ್ದೂ 1888ರ ಲೀಗಿನಂತೆ ಇದಕ್ಕೂ ಬಾಗಿಲಿತ್ತು. ಕೊನೆಯಲ್ಲಿ ನಿಂತ ಸಾಲ್ಗಾಂವಕರ್ ಮತ್ತು ವಿವಾ ಕೇರಳ ಹಿಂಬಡ್ತಿ ಹೊಂದಿದವು, ಕೆಳಗಿನ ವಿಭಾಗದಿಂದ ಬೇರೆಯವು ಮೇಲೆ ಬಂದವು. ಡೆಂಪೊ ಮತ್ತು ಚರ್ಚಿಲ್ ಬ್ರದರ್ಸ್ ಸಮ ಅಂಕ ಗಳಿಸಿ, ಗೋಲುಗಳ ಅಂತರದಿಂದ ಡೆಂಪೊ ಚಾಂಪಿಯನ್ ಆದ ಆ ಪೈಪೋಟಿ ಚೆನ್ನಾಗಿಯೇ ಇತ್ತು. ಕೊರತೆಯಿದ್ದದ್ದು ನೋಡುವವರದು.

ಆ ಕೊರತೆ ನೀಗಿಸಲೆಂದೇ 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಬಂತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ತನ್ನ ವಾಣಿಜ್ಯ ಹಕ್ಕುಗಳನ್ನು 2010ರಲ್ಲಿ ಹದಿನೈದು ವರ್ಷಗಳಿಗೆ ಐಎಂಜಿ-ರಿಲಯನ್ಸ್‌ಗೆ 700 ಕೋಟಿ ರೂಪಾಯಿಗೆ ಬಿಟ್ಟುಕೊಟ್ಟಿತ್ತು. ಅಲ್ಲಿಂದ ಮುಂದೆ ತಂಡಗಳು ಹುಟ್ಟಲಿಲ್ಲ, ಹರಾಜಾದವು. ಕನ್ನಡ ಓದುಗರು ಮರೆತಿರಬಹುದಾದ ಒಂದು ಸಂಗತಿ ಇಲ್ಲಿದೆ. 2014ರ ಏಪ್ರಿಲಿನಲ್ಲಿ ಪ್ರಕಟವಾದ ಎಂಟು ನಗರಗಳ ಪಟ್ಟಿಯಲ್ಲಿ ಚೆನ್ನೈ ಇರಲಿಲ್ಲ, ಬೆಂಗಳೂರು ಇತ್ತು. ಅದನ್ನು ಪಡೆದಿದ್ದು ಚೆನ್ನೈ ಮೂಲದ ಸನ್ ಸಮೂಹ. ಕೆಲವೇ ತಿಂಗಳಲ್ಲಿ ಆ ಸಮೂಹ ಹಿಂದೆ ಸರಿಯಿತು, ಬೆಂಗಳೂರು ಪಟ್ಟಿಯಿಂದ ಬಿತ್ತು, ಅದರ ಜಾಗದಲ್ಲಿ ಅಭಿಷೇಕ್ ಬಚ್ಚನ್ ಒಡೆತನದ ಚೆನ್ನೈಯಿನ್ ಬಂತು. ಅದೇ ಏಪ್ರಿಲಿನಲ್ಲಿ, ಹುಟ್ಟಿ ವರ್ಷವೂ ತುಂಬದ ಬೆಂಗಳೂರು ಎಫ್‌ಸಿ ತನ್ನ ಮೊದಲ ಯತ್ನದಲ್ಲೇ ಐ-ಲೀಗ್ ಗೆದ್ದಿತ್ತು. ಆಡಿ ಗೆದ್ದ ಊರಿಗೆ ಹೊಸ ಲೀಗಿನಲ್ಲಿ ಜಾಗವಿಲ್ಲ, ಐ-ಲೀಗಿನಲ್ಲಿ ತಂಡವೇ ಇಲ್ಲದಿದ್ದ ಊರಿಗೆ ಜಾಗ ಸಿಕ್ಕಿತು. ಸೀಟಿನ ಬೆಲೆ ತೆತ್ತವರಿಗೆ ಸೀಟು ಎಂಬ ನಿಯಮಕ್ಕೆ ಇದು ಅಪವಾದವೇನಲ್ಲ, ಅದರ ನೇರ ಫಲ.

ಆಟದ ದೃಷ್ಟಿಯಿಂದ ಆ ಮೊದಲ ಸೀಸನ್ ಯಶಸ್ವಿ ಎನ್ನಲೇಬೇಕು. ಅಕ್ಟೋಬರ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಮೊದಲ ಪಂದ್ಯ. ಮುಂಬೈ ಸಿಟಿ ವಿರುದ್ಧ ಅಟ್ಲೆಟಿಕೊ ಡಿ ಕೋಲ್ಕತ್ತ 3–0, ಲೀಗಿನ ಮೊದಲ ಗೋಲು ಇಥಿಯೋಪಿಯದ ಫಿಕ್ರು ಟೆಫೆರಾ ಅವರದು. 61 ಪಂದ್ಯಗಳು ಎಪ್ಪತ್ತು ದಿನಗಳಲ್ಲಿ ಮುಗಿದವು. ಪಂದ್ಯಕ್ಕೆ ಸರಾಸರಿ ಇಪ್ಪತ್ತು ಸಾವಿರಕ್ಕೂ ಮೀರಿ ಜನ ಬಂದರು. ಇಟಲಿಯ ಮಾರ್ಕೊ ಮಾಟೆರಾಜಿ ಆಟಗಾರನೂ ತರಬೇತುದಾರನೂ ಆಗಿದ್ದ ಚೆನ್ನೈಯಿನ್ ಅಂಕಪಟ್ಟಿಯಲ್ಲಿ ಮೊದಲಿತ್ತು, ಬ್ರೆಜಿಲಿನ ಎಲಾನೊ ಎಂಟು ಗೋಲು ಹೊಡೆದು ಮೊದಲಿಗರಾದರು. ಸೆಮಿಫೈನಲ್ಲಿನಲ್ಲಿ ಚೆನ್ನೈಗೆ ಎದುರಾದದ್ದು ಕೇರಳ ಬ್ಲಾಸ್ಟರ್ಸ್. ಕೊಚ್ಚಿಯಲ್ಲಿ 0–3ರಿಂದ ಸೋತ ಚೆನ್ನೈ ತವರಿನಲ್ಲಿ ಮೂರು ಗೋಲು ಹೊಡೆದು ಲೆಕ್ಕ ಸಮ ಮಾಡಿತು, ಹೆಚ್ಚುವರಿ ವೇಳೆಯಲ್ಲಿ ಸ್ಟೀಫನ್ ಪಿಯರ್ಸನ್ ಹೊಡೆದ ಗೋಲು ಕೇರಳವನ್ನು ಫೈನಲ್ಲಿಗೆ ಒಯ್ದಿತು. ಘಟ್ಟದ ಎರಡೂ ಬದಿಯವರಿಗೆ ಇದಕ್ಕಿಂತ ಒಳ್ಳೆಯ ಪಂದ್ಯ ಬೇಕಿರಲಿಲ್ಲ. ಡಿಸೆಂಬರ್ 20ರಂದು ನವಿ ಮುಂಬೈಯಲ್ಲಿ ನಡೆದ ಫೈನಲ್ಲಿನ ಕೊನೆಯ ಕ್ಷಣಗಳಲ್ಲಿ ಮೊಹಮ್ಮದ್ ರಫೀಕ್ ತಲೆಯಿಂದ ಹೊಡೆದ ಗೋಲು ಕೋಲ್ಕತ್ತಕ್ಕೆ ಕಪ್ ತಂದಿತು.

ಫ್ರಾಂಚೈಸಿ ಪದ್ಧತಿಯ ಪರವಾದ ವಾದ ಹಗುರವಾದುದಲ್ಲ. ಹಿಂಬಡ್ತಿಯ ಭಯವಿದ್ದರೆ ಯಾರು ಕೋಟಿಗಟ್ಟಲೆ ಹೂಡುತ್ತಾರೆ? ಹಣವಿಲ್ಲದೆ ಹುಲ್ಲಿನ ಮೈದಾನ, ವೈದ್ಯರು, ಕಿರಿಯರ ತಂಡ, ಟಿವಿ ಪ್ರಸಾರ ಎಲ್ಲಿಂದ ಬರುತ್ತವೆ? ಹತ್ತು ವರ್ಷ ಬಾಗಿಲು ಮುಚ್ಚಿಟ್ಟು ಒಳಗಿನದನ್ನು ಗಟ್ಟಿ ಮಾಡಿ, ಆಮೇಲೆ ತೆರೆದರಾಯಿತು ಎಂಬುದು ಆ ಪಕ್ಷದ ಮಾತು. ಜಪಾನಿನ ಜೆ-ಲೀಗನ್ನು ಇದಕ್ಕೆ ಸಾಕ್ಷಿಯಾಗಿ ಕರೆಯುವುದುಂಟು. ಅದು 1993ರಲ್ಲಿ ಹತ್ತೇ ಆಯ್ದ ಕ್ಲಬ್ಬುಗಳೊಂದಿಗೆ, ಹಿಂಬಡ್ತಿಯಿಲ್ಲದೆ ಆರಂಭವಾದದ್ದು ನಿಜ. ಆದರೆ ಆ ಹತ್ತರಲ್ಲಿ ಒಂದು ಕಾಶಿಮಾ ಆಂಟ್ಲರ್ಸ್. ಐವತ್ತು ಸಾವಿರಕ್ಕೂ ಕಡಿಮೆ ಜನವಿದ್ದ ಕೈಗಾರಿಕಾ ಪಟ್ಟಣದ, ಎರಡನೇ ದರ್ಜೆಯಲ್ಲಿ ಆಡುತ್ತಿದ್ದ ಕಾರ್ಖಾನೆ ತಂಡ ಅದು. ಚಾವಣಿಯಿರುವ ಕ್ರೀಡಾಂಗಣ ಕಟ್ಟಿಕೊಂಡು ಒಳಗೆ ಬಂದು, ಮೊದಲ ಸೀಸನ್ನಿನ ಮೊದಲ ಹಂತವನ್ನೇ ಗೆದ್ದಿತು. ಜಪಾನಿನವರು ಕ್ಲಬ್ಬುಗಳ ಹೆಸರಿನಿಂದ ಕಂಪನಿಗಳ ಹೆಸರು ತೆಗೆಸಿ ಊರಿನ ಹೆಸರು ಹಾಕಿಸಿದರು. ಊರು ಎಷ್ಟು ದೊಡ್ಡದೆಂದು ಕೇಳಲಿಲ್ಲ, ಏನು ಕಟ್ಟಿಕೊಟ್ಟೀರಿ ಎಂದು ಕೇಳಿದರು. 1999ರ ಹೊತ್ತಿಗೆ ಎರಡನೇ ವಿಭಾಗ ತೆರೆದು ಬಡ್ತಿ ಹಿಂಬಡ್ತಿಯನ್ನೂ ತಂದರು.

ಭಾರತದಲ್ಲಿ ಬಾಗಿಲು ತೆರೆಯಲು ಹೆಚ್ಚು ಕಾಲ ಬೇಕಾಯಿತು. 2017ರಲ್ಲಿ ಬೆಂಗಳೂರು ಎಫ್‌ಸಿಯನ್ನು ಸೂಪರ್ ಲೀಗಿಗೆ ಸೇರಿಸಿಕೊಂಡರು, ಅದೂ ಆಡಿ ಗಳಿಸಿದ ಬಡ್ತಿಯಿಂದಲ್ಲ. 2019ರ ಮಾರ್ಚಿನಲ್ಲಿ ಚೆನ್ನೈ ಸಿಟಿ ಎಂಬ ಸಣ್ಣ ಕ್ಲಬ್ ಕೊಯಮತ್ತೂರಿನ ನೆಹರು ಕ್ರೀಡಾಂಗಣವನ್ನು ತವರು ಮಾಡಿಕೊಂಡು, ಈಸ್ಟ್ ಬೆಂಗಾಲ್‌ಗಿಂತ ಒಂದೇ ಅಂಕ ಮುಂದೆ ನಿಂತು ಐ-ಲೀಗ್ ಗೆದ್ದಿತು. ಅದಕ್ಕೆ ಸಿಕ್ಕ ಬಡ್ತಿ ಸೊನ್ನೆ. ಆಟದ ಬಲದಿಂದ ಮೇಲೇರಿದ ಮೊದಲ ತಂಡ ಪಂಜಾಬ್ ಎಫ್‌ಸಿ, 2023ರಲ್ಲಿ. ಮರುವರ್ಷ ಮೊಹಮ್ಮಡನ್ ಸ್ಪೋರ್ಟಿಂಗ್.

ಈ ಲೀಗುಗಳು ಒಳಗಿನವರನ್ನಾದರೂ ಕಾಪಾಡಿದವೇ ಎಂದು ನೋಡಿದರೆ ಅದೂ ಇಲ್ಲ. 1996–97ರ ಚಾಂಪಿಯನ್ ಜೆಸಿಟಿ 2011ರಲ್ಲಿ ತಂಡವನ್ನೇ ಮುಚ್ಚಿತು. ಐ-ಲೀಗಿನ ಮೊದಲ ಚಾಂಪಿಯನ್ ಡೆಂಪೊ, ದೇಶದ ಫುಟ್‌ಬಾಲ್ ಹೋಗುತ್ತಿದ್ದ ದಾರಿಯನ್ನು ಒಪ್ಪದೆ 2016ರಲ್ಲಿ ಸಾಲ್ಗಾಂವಕರ್, ಸ್ಪೋರ್ಟಿಂಗ್ ಗೋವಾ ಜೊತೆ ಹೊರನಡೆಯಿತು. ಸೂಪರ್ ಲೀಗಿನ ಮೊದಲ ಚಾಂಪಿಯನ್ ಕೋಲ್ಕತ್ತ 2020ರಲ್ಲಿ ಮೋಹನ್ ಬಾಗಾನ್‌ನಲ್ಲಿ ವಿಲೀನವಾಯಿತು. ಮೂರು ಮೊದಲ ಸೀಸನ್‌ಗಳು, ಮೂವರು ಚಾಂಪಿಯನ್ನರು, ಒಬ್ಬರೂ ಇದ್ದಂತೆ ಉಳಿಯಲಿಲ್ಲ. 1888ರ ಹನ್ನೆರಡರಲ್ಲಿ ಹನ್ನೊಂದು ಕ್ಲಬ್ಬುಗಳು ಇಂದಿಗೂ ಆಡುತ್ತಿವೆ, ಅವುಗಳಲ್ಲಿ ಹಲವು ಎಷ್ಟೋ ಸಲ ಕೆಳಗಿಳಿದು ಮತ್ತೆ ಮೇಲೆ ಬಂದಂಥವು. ಕೆಳಗಿಳಿದರೂ ಆಡಲು ಜಾಗವಿದ್ದದ್ದೇ ಅವುಗಳ ಆಯುಷ್ಯದ ಗುಟ್ಟು. ಇಲ್ಲಿಯಾದರೋ 2025ರ ಡಿಸೆಂಬರಿಗೆ ಮುಗಿಯಲಿದ್ದ ಹದಿನೈದು ವರ್ಷಗಳ ಒಪ್ಪಂದದ ಮುಂದಿನ ಗತಿ ತಿಳಿಯದೆ ಅದೇ ವರ್ಷದ ಜುಲೈಯಲ್ಲಿ ಇಡೀ ಸೀಸನ್ನನ್ನೇ ತಡೆಹಿಡಿಯಲಾಯಿತು. ಒಂದು ಕಾಗದದ ಅವಧಿಗೆ ದೇಶದ ಲೀಗು ಗಂಟುಬಿದ್ದಿತ್ತು.

ಸಣ್ಣ ಊರುಗಳಿಗೆ ಇದನ್ನೆಲ್ಲ ನಡೆಸುವ ಶಕ್ತಿಯಿಲ್ಲ ಎಂಬ ಆಕ್ಷೇಪಕ್ಕೆ ಉತ್ತರ ತೇವಾರಂನ ಸುತ್ತಮುತ್ತಲೇ ಇದೆ. ತೇನಿ ಜಿಲ್ಲೆಯ ಪೆರಿಯಕುಳಂ ಅಖಿಲ ಭಾರತ ಮಟ್ಟದ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯನ್ನು ದಶಕಗಳಿಂದ ನಡೆಸಿಕೊಂಡು ಬಂದಿದೆ. 2016ರಲ್ಲಿ ತಮಿಳುನಾಡು ಪ್ರೀಮಿಯರ್ ಲೀಗ್ ಕ್ರಿಕೆಟ್ ತನ್ನ ಮೊದಲ ಆವೃತ್ತಿಯಲ್ಲೇ ಚೆನ್ನೈ ಬಿಟ್ಟು ದಿಂಡಿಗಲ್ ಜಿಲ್ಲೆಯ ನತ್ತಂನ ಎನ್‌ಪಿಆರ್ ಕಾಲೇಜು ಮೈದಾನಕ್ಕೂ ತಿರುನೆಲ್ವೇಲಿಗೂ ಬಂತು. ಟಿವಿ ಕ್ಯಾಮರಾಗಳು ನತ್ತಂನಲ್ಲಿ ಕೆಲಸ ಮಾಡಿದವು.

ಇನ್ನು ಮಹಿಳೆಯರದು. ಇಂಡಿಯನ್ ವಿಮೆನ್ಸ್ ಲೀಗಿನ ಮೊದಲ ಸೀಸನ್ 2017ರ ಜನವರಿ 28ರಿಂದ ಫೆಬ್ರವರಿ 14ರವರೆಗೆ ದೆಹಲಿಯ ಅಂಬೇಡ್ಕರ್ ಕ್ರೀಡಾಂಗಣವೊಂದರಲ್ಲೇ ನಡೆದುಹೋಯಿತು. ಮೂರು ವಾರವೂ ಇಲ್ಲದ ರಾಷ್ಟ್ರೀಯ ಲೀಗ್ ಎಂದರೆ ನಾಚಿಕೆಯ ವಿಷಯ, ಅದರಲ್ಲಿ ಎರಡು ಮಾತಿಲ್ಲ. ಆದರೂ ಕಟಕ್‌ನಲ್ಲಿ ಅರ್ಹತಾ ಸುತ್ತೊಂದು ನಡೆದಿತ್ತು. ಆಡಿದ ಆರು ತಂಡಗಳಲ್ಲಿ ಹರಿಯಾಣದ ಭಿವಾನಿ ಜಿಲ್ಲೆಯ ಅಲಖಪುರವೆಂಬ ಒಂದು ಹಳ್ಳಿಯ ತಂಡವಿತ್ತು, ತಮಿಳುನಾಡಿನ ಜೇಪಿಯಾರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ತಂಡವಿತ್ತು. ಮಣಿಪುರದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್ ಫೈನಲ್ಲಿನಲ್ಲಿ ಒಡಿಶಾದ ರೈಸಿಂಗ್ ಸ್ಟೂಡೆಂಟ್ಸ್ ಕ್ಲಬ್ಬನ್ನು 3–0ರಿಂದ ಸೋಲಿಸಿತು. ಹಳ್ಳಿಯ ತಂಡವೊಂದು ತನ್ನ ಹೆಸರಿನಲ್ಲೇ ದೇಶದ ಅತ್ಯುನ್ನತ ಲೀಗಿನ ಮೊದಲ ಸೀಸನ್ನಿಗೆ ಬಂದ ಉದಾಹರಣೆ ಪುರುಷರ ಮೂರು ಲೀಗುಗಳಲ್ಲೂ ಸಿಗದು.

ಎರಡು ವರ್ಷ ಕಳೆದು, 2019ರ ಮೇ ತಿಂಗಳಲ್ಲಿ ಲುಧಿಯಾನದಲ್ಲಿ ಅದೇ ಲೀಗಿನ ಫೈನಲ್ ನಡೆಯಿತು. ಮಣಿಪುರ ಪೊಲೀಸ್ ತಂಡವನ್ನು 3–1ರಿಂದ ಸೋಲಿಸಿ ಚಾಂಪಿಯನ್ ಆದದ್ದು ಮದುರೈಯ ಸೇತು ಎಫ್‌ಸಿ. ಕಂಬಂ ಕಣಿವೆಗೆ ಅತಿ ಸಮೀಪದ ರಾಷ್ಟ್ರೀಯ ಫುಟ್‌ಬಾಲ್ ಕಿರೀಟ ಬಂದದ್ದು ಅತಿ ಕಡಿಮೆ ಹಣವಿದ್ದ ಈ ಲೀಗಿನಿಂದ.